ಇಸ್ತ್ರಿಕೋಣೆಯ ಕಿಂಡಿ

ಸೇನ್ ನದಿಯ ಮೇಲೆಯೇ ಹುಟ್ಟಿ, ನದಿಯವನನ್ನೇ ಮದುವೆಯಾಗಿ, ಬದುಕೆಲ್ಲ ಸರಕಿನ ದೋಣಿ ನಡೆಸಿದ ಮಾರ್ಸೆಲಿನ್ ಆ ದಂಡೆಯ ಊರುಗಳಲ್ಲಿ ಒಂದನ್ನೂ ನೆಟ್ಟಗೆ ನೋಡಿದವಳಲ್ಲ. ಮರಳು, ಗೋಧಿ ಹೊತ್ತ ದೋಣಿ ಕೋಟೆ ಕಂಡಿತೆಂದು ನಿಲ್ಲುತ್ತದೆಯೇ? ಗಂಡ ಲ್ಯುಸಿಯೆನ್ ತೀರಿಕೊಂಡ ಮೇಲೆ ದೋಣಿ ಮಾರಿ ದಂಡೆಯ ಊರಾದ ಕಾನ್‌ಫ್ಲಾನ್‌ನಲ್ಲಿ ಪುಟ್ಟ ಮನೆ ಹಿಡಿದಳು. ಕುರ್ಚಿಯನ್ನು ಕೂಡ ನದಿಗೆ ಬೆನ್ನು ಮಾಡಿ ಹಾಕಿಕೊಂಡಿದ್ದಳು.

ಹಾಗಾಗಿ ಮಗಳು ಸೊಲಾಂಝ್ ಪ್ರವಾಸಿ ಹಡಗಿನ ಟಿಕೆಟ್ ತಂದಾಗ ಬೈಸಿಕೊಳ್ಳುವುದು ಖಂಡಿತ ಎಂದುಕೊಂಡಿದ್ದಳು. ಮುದುಕಿ ಮರುಮಾತಿಲ್ಲದೆ ಒಪ್ಪಿದಳು. ಅವಳ ಮನಸ್ಸಿನಲ್ಲಿದ್ದದ್ದು ಒಂದೇ: ವೆರ್ನೊನ್ ಊರು ದಾಟಿದ ಮೇಲೆ ಲ್ಯುಸಿಯೆನ್ ನೀರಿಗೆ ಬಿದ್ದ ಜಾಗವಿದೆ, ಅದನ್ನು ಒಮ್ಮೆ ಕಣ್ತುಂಬ ನೋಡಬೇಕು.

ಅವನು ಹಗ್ಗ ಸರಿಮಾಡಲು ದೋಣಿಯ ಅಂಚಿನ ಮೇಲೆ ಹೋಗುತ್ತಿದ್ದಾಗ ಕಾಲು ಜಾರಿತ್ತು. ಚುಕ್ಕಾಣಿ ಇವಳ ಕೈಯಲ್ಲಿತ್ತು, ಎದುರಿನಿಂದ ಇನ್ನೊಂದು ದೊಡ್ಡ ದೋಣಿ ಬರುತ್ತಿತ್ತು. ತುಂಬಿದ ದೋಣಿಯೇನು ಎತ್ತಿನ ಗಾಡಿಯೇ, ಹೋ ಎಂದರೆ ನಿಲ್ಲಲು? ಇವಳಿಗೆ ತಿರುಗಿ ನೋಡುವುದಕ್ಕೂ ಆಗಲಿಲ್ಲ. ಕಣ್ಣಂಚಿನಲ್ಲಿ ಕಂಡದ್ದು ದಂಡೆಯ ಹಳೇ ದೋಣಿಮನೆಯ ಕಲ್ಲಿನ ಕಮಾನು, ಅಷ್ಟೇ. ಹೆಣ ಸಿಕ್ಕಿದ್ದು ಆಮೇಲೆ, ಎಲ್ಲೋ ಕೆಳಗೆ.

ವೆರ್ನೊನ್‌ನಲ್ಲಿ ಬೆಳಗಿನ ಕಾಫಿ ಮುಗಿಯುತ್ತಿದ್ದಂತೆ ಸೊಲಾಂಝ್ ಶುರುಮಾಡಿದಳು.

"ಏಳಮ್ಮಾ, ಬಸ್ಸು ಕಾಯ್ತಿದೆ. ಇಲ್ಲಿದ್ದ ಆ ದೊಡ್ಡ ಚಿತ್ರಕಾರನ ತೋಟ ನೋಡೋಕೆ ಜನ ಜಪಾನಿಂದ ಬರ್ತಾರೆ. ನೀನು ಕಾನ್‌ಫ್ಲಾನ್‌ನಿಂದ ಬಂದು ಇಲ್ಲೇ ಕೂರ್ತೀಯಾ?"

"ಹೂವು ನಾನೂ ನೋಡಿದೀನಿ ಕಣೇ. ನೀನು ಹೋಗ್ಬಾ. ಹಡಗು ಹೇಗೂ ಮುಂದಿನ ಊರಲ್ಲಿ ನಿಮ್ಮನ್ನ ಹತ್ತಿಸ್ಕೊಳ್ಳುತ್ತಲ್ಲ."

"ನಿನ್ನ ಹಟ ನಿನಗೇ ಇರ್ಲಿ!" ಎಂದು ಮಗಳು ಟೋಪಿ ಹಾಕಿಕೊಂಡು ಇಳಿದುಹೋದಳು. ಮಾರ್ಸೆಲಿನ್ ನಿಜ ಹೇಳಿರಲಿಲ್ಲ. ಹೇಳಿದ್ದರೆ ಅವಳೂ ಉಳಿಯುತ್ತಿದ್ದಳು, ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಜಾಗ ದಾಟಿಹೋಗುತ್ತಿತ್ತು.

ಹಡಗು ಹೊರಟಿತು. ಮುದುಕಿ ಎಲ್ಲಕ್ಕಿಂತ ಮೇಲಿನ ಅಟ್ಟಕ್ಕೆ ಹತ್ತಿ ಕುಳಿತಳು. ಆದರೆ ಅಲ್ಲಿಂದ ಕಂಡ ನದಿ ಅವಳದಲ್ಲ. ಬದುಕಿಡೀ ನೀರಿಗೆ ಅಂಟಿದಂತೆ ತೇಲಿದವಳಿಗೆ ದಂಡೆಯೆಂದರೆ ತಲೆಯ ಮೇಲೆ ಎದ್ದ ಗೋಡೆ. ಈಗ ನೋಡಿದರೆ ಗೋಡೆಯಾಚೆಯ ಹೊಲ, ರಸ್ತೆ, ಯಾರದೋ ಮನೆಯ ಈಜುಕೊಳ! ದಂಡೆಯ ಮರಗಳೆಲ್ಲ ಸೇರಿ ಒಂದೇ ಹಸಿರು ರಾಶಿಯಾಗಿದ್ದವು. ಸುಣ್ಣಕಲ್ಲಿನ ಬಿಳಿ ಗುಡ್ಡ ಕಾಣಿಸಿಕೊಂಡಿತು. ಜಾಗ ಆ ಗುಡ್ಡದ ಬುಡದಲ್ಲೇ. ಇಲ್ಲೇ ಕುಳಿತರೆ ಅದು ಎಲೆಗಳ ಕೆಳಗೆ ಮರೆಯಾಗಿಯೇ ಹೋಗುತ್ತದೆ.

ಮಂಡಿನೋವನ್ನು ಮರೆತು ಮೆಟ್ಟಿಲಿಳಿದಳು. ಊಟದ ಕೋಣೆ ದಾಟಿ, ಇನ್ನೂ ಕೆಳಗಿಳಿದು, ನೀರಿನ ಮಟ್ಟದಲ್ಲಿದ್ದ ಇಸ್ತ್ರಿಕೋಣೆಯ ಬಾಗಿಲು ತಳ್ಳಿದಳು. ರುಮೇನಿಯಾದ ಹೆಂಗಸು ದೊಯ್ನಾ ಟವೆಲ್ ಮಡಿಸುತ್ತಿದ್ದಳು.

"ಇಲ್ಲಿಗೆ ಪ್ರಯಾಣಿಕರು ಬರೋ ಹಾಗಿಲ್ಲ, ಮದಾಮ್."

"ಗೊತ್ತಮ್ಮಾ. ನಿನ್ನ ಕಿಟಕಿ ಬೇಕಿತ್ತು."

"ಮೇಲೆ ಅಷ್ಟಗಲ ಗಾಜು ಬಿಟ್ಟು, ಈ ತಟ್ಟೆಯಷ್ಟು ಕಿಂಡಿಗೆ ಬಂದ್ರಾ?"

"ನನ್ನ ಗಂಡ ಇಲ್ಲೇ ನೀರುಪಾಲಾಗಿದ್ದು. ಮೇಲಿಂದ ಆ ಜಾಗ ಕಾಣಲ್ಲ."

ದೊಯ್ನಾ ಟವೆಲ್ ಕೆಳಗಿಟ್ಟಳು. ಬಟ್ಟೆಬುಟ್ಟಿಯನ್ನು ಕಾಲಿನಿಂದ ಸರಿಸಿ ದಾರಿ ಮಾಡಿಕೊಟ್ಟಳು, ಇಸ್ತ್ರಿಯ ಯಂತ್ರವನ್ನೂ ನಿಲ್ಲಿಸಿದಳು.

ಕಿಂಡಿಯ ಹೊರಗೆ ನೀರು ಕೈಗೆ ಎಟುಕುವಷ್ಟು ಹತ್ತಿರವಿತ್ತು. ದಂಡೆ ಮತ್ತೆ ಗೋಡೆಯಾಗಿ ಎದ್ದಿತು. ಜೋತುಬಿದ್ದ ಕೊಂಬೆಗಳ ಅಡಿಯಲ್ಲಿ ಪಾಚಿ, ದೋಣಿ ಕಟ್ಟುವ ತುಕ್ಕು ಹಿಡಿದ ಕಬ್ಬಿಣದ ಬಳೆಗಳು, ಎಲ್ಲವೂ ಅವಳಿಗೆ ಗುರುತಿನವು. ಅವುಗಳ ನಡುವೆ ಆ ಕಮಾನು ಕರ್ರಗೆ ಬಾಯಿ ತೆರೆದುಕೊಂಡು ಬಂತು.

"ಲ್ಯುಸಿಯೆನ್," ಎಂದಳು ಮಾರ್ಸೆಲಿನ್. "ನೀನು ಕೂಗಿದ್ದು ಕೇಳಿಸ್ತು ಕಣೋ. ಎದುರಿಗೆ ದೋಣಿ ಬರ್ತಿತ್ತು."

ಕಮಾನು ಹಿಂದೆ ಸರಿಯತೊಡಗಿತು. ಅವಳು ಕೆನ್ನೆಯನ್ನು ಗಾಜಿಗೊತ್ತಿ, ಕತ್ತು ತಿರುಗಿಸಿ, ಅದು ಪೂರ್ತಿ ಮರೆಯಾಗುವವರೆಗೂ ಹಿಂದಕ್ಕೇ ನೋಡುತ್ತ ನಿಂತಳು.