ಎಡ ಹೆಬ್ಬೆರಳಿಗೆ ಕೆಲಸ

ಮಾಲಿನಿ ನಾಯ್ಕ ಟೈಪ್ ಮಾಡುವಾಗ ಕೀಬೋರ್ಡ್ ನೋಡಿದ್ದನ್ನು ಕುಮಟಾ ಪೇಟೆಯಲ್ಲಿ ಯಾರೂ ಕಂಡವರಿಲ್ಲ. ಮೀನು ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಅವಳದೊಂದು ಸಣ್ಣ ಡಿಟಿಪಿ ಅಂಗಡಿ. ಗಿರಾಕಿ ಎದುರು ಕುರ್ಚಿಯಲ್ಲಿ ಕೂತು ಮದುವೆ ಕರೆಯೋಲೆಗೆ ಬೇಕಾದ ಹೆಸರುಗಳನ್ನು ಹೇಳುತ್ತಿದ್ದರೆ ಅವಳು ಅವರ ಮುಖ ನೋಡಿಕೊಂಡೇ ಬಡಿಯುತ್ತಿದ್ದಳು. ಮಧ್ಯೆ ದೊಡ್ಡಪ್ಪನ ಹೆಸರು ಬಿಟ್ಟದ್ದನ್ನು ನೆನಪಿಸುತ್ತಿದ್ದಳು, ಹುಡುಗಿ ಯಾವ ಊರಿನವಳೆಂದು ಕೇಳುತ್ತಿದ್ದಳು, ದಾರಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಿದ್ದಳು. ಬೆರಳುಗಳ ಪಾಡು ಬೆರಳುಗಳದು. ಹೊನ್ನಾವರದ ಟೈಪಿಂಗ್ ಕ್ಲಾಸಿನಲ್ಲಿ ಕೈಯ ಮೇಲೆ ಟವೆಲ್ ಹೊದೆಸಿ ಕಲಿಸಿದ ವಿದ್ಯೆ ಅದು. ಮುಂದೆ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಕೀಲಿಗಳ ಜಾಗವೂ ಬದಲಾಯಿತು. ಅವಳು ಬೆರಳುಗಳಿಗೆ ಎರಡನೇ ಸಲ ಪಾಠ ಹೇಳಿದಳು, ಅವು ಕಲಿತವು.

ಮಳೆಗಾಲಕ್ಕೆ ಮೊದಲು ಅಂಗಡಿಯ ಶಟರ್ ಕೈಕೊಟ್ಟಿತು. ಸಮುದ್ರದ ಗಾಳಿಗೆ ತುಕ್ಕು ಹಿಡಿದು ಅರ್ಧಕ್ಕೆ ನಿಲ್ಲುವ ಶಟರ್ ಅದು. ಸಂಜೆ ಎಳೆಯುವಾಗ ತಡೆದು ನಿಂತದ್ದು ಒಮ್ಮೆಲೇ ಕೆಳಗೆ ಬಂತು, ಎಡಗೈಯ ನಡುಬೆರಳು ಅದರಡಿಗೆ ಸಿಕ್ಕಿತು. ಡಾಕ್ಟರು ಕಟ್ಟು ಹಾಕಿದರು. ಕಟ್ಟು ಬಿಚ್ಚಿದ ಮೇಲೆ ನೋಡಿದರೆ ಬೆರಳು ಉಳಿದಿತ್ತು, ಬಗ್ಗುವುದು ಮಾತ್ರ ಬಿಟ್ಟಿತ್ತು.

ಹತ್ತರಲ್ಲಿ ಒಂದು ಬೆರಳು ಹೋದರೆ ಏನಾಯಿತು ಎಂದು ಸಮಾಧಾನ ಹೇಳಲು ಬಂದವರಿಗೆ ಮಾಲಿನಿ ಚಹಾ ಕೊಟ್ಟು ಕಳಿಸಿದಳು. ಅವರಿಗೇನು ಗೊತ್ತು. ಅವಳು ಕಲಿತ ಕೀಬೋರ್ಡಿನಲ್ಲಿ ಒತ್ತಕ್ಷರ ಮೂಡಿಸುವ ಕೀಲಿಯೂ ದೀರ್ಘ ಎಳೆಯುವ ಕೀಲಿಯೂ ಅದೇ ನಡುಬೆರಳಿನ ಕೆಳಗಿದ್ದವು. ಕನ್ನಡದಲ್ಲಿ ಯಾರನ್ನಾದರೂ ಕತ್ತೆ ಎಂದು ಬೈಯಬೇಕಾದರೂ ಒಂದು ಒತ್ತು ಬೇಕು. ಈಗ ಪ್ರತಿ ಒತ್ತಿಗೂ ಅವಳು ಇಡೀ ಕೈ ಎತ್ತಿ, ತಲೆ ಬಗ್ಗಿಸಿ, ಕೀಲಿ ಹುಡುಕಿ, ಪಕ್ಕದ ಬೆರಳಿನಿಂದ ಒತ್ತಬೇಕಾಗುತ್ತಿತ್ತು. ಅಂದರೆ ಕೀಬೋರ್ಡ್ ನೋಡಬೇಕಾಗುತ್ತಿತ್ತು. ಯಾರಾದರೂ ಅಂಗಡಿಯೊಳಗೆ ಬಂದರೆ ಅವಳು ಕೈ ಮಡಿಲಿಗೆ ಇಳಿಸಿ, ನಾಳೆ ಬನ್ನಿ ಎನ್ನುತ್ತಿದ್ದಳು.

ಸುಬ್ಬಿ ಬಂದದ್ದು ಆ ದಿನಗಳಲ್ಲೇ. ಹೊಳನಗದ್ದೆಯ ಸುಬ್ಬಿ ಗೌಡ, ಹಾಡಿಗೆ ಕೂತರೆ ಬೆಳಗಾಗುವಷ್ಟು ಹಾಡು ಗೊತ್ತಿರುವ ಮುದುಕಿ. ಅವಳ ಮೊಮ್ಮಗಳು ಗಂಗಿ ಮಾರ್ಕೆಟ್ಟಿನ ಬಾಯಲ್ಲಿ ಬಸಳೆ, ಹರಿವೆ ಮಾರುವವಳು. ಅಜ್ಜಿಯ ಹಾಡುಗಳನ್ನು ಅಚ್ಚಿನಲ್ಲಿ ನೋಡಬೇಕೆಂದು ಅವಳಿಗೆ ಆಸೆ. ಮೊಬೈಲಿನಲ್ಲಿ ಹಿಡಿದು ತಾ, ಕೇಳಿಕೊಂಡು ಬರೆಯುತ್ತೇನೆ ಎಂದು ಮಾಲಿನಿ ಹೇಳಿದರೆ ಸುಬ್ಬಿ ಒಪ್ಪಲಿಲ್ಲ. ಮೊದಲು ಎಷ್ಟೋ ಜನ ಟೇಪು, ಕ್ಯಾಮರಾ, ಮೊಬೈಲು ಹಿಡಿದುಕೊಂಡು ಬಂದಿದ್ದರಂತೆ. ಹಾಡಿಸಿಕೊಂಡರು, ಚಹಾ ಕುಡಿದರು, ಹೋದರು. ಹಾಡು ಮತ್ತೆ ಊರಿಗೆ ಬರಲಿಲ್ಲ. ಹಾಗಾಗಿ ಸುಬ್ಬಿಯದೊಂದೇ ಕರಾರು: ತನ್ನ ಕಣ್ಣೆದುರೇ ಬರೆಯಬೇಕು, ಏಳುವ ಮೊದಲು ಕಾಗದ ತನ್ನ ಕೈಗೆ ಬರಬೇಕು, ಗಂಗಿ ಅದನ್ನು ಓದಿ ಹೇಳಬೇಕು.

ಒಪ್ಪಲು ಅದು ಕಷ್ಟದ ಕರಾರಲ್ಲ, ಕೈ ನೆಟ್ಟಗಿದ್ದಿದ್ದರೆ. ಸುಬ್ಬಿ ಒಂದು ಸಾಲು ಹಾಡುತ್ತಾಳೆ, ಗಂಗಿ ಅದನ್ನೇ ಮತ್ತೆ ಹಾಡಿ ಸೊಲ್ಲು ಹಿಡಿಯುತ್ತಾಳೆ, ಅಷ್ಟರೊಳಗೆ ಬರೆಯುವವಳು ಬರೆದು ಮುಗಿಸಬೇಕು. ನಿಧಾನಕ್ಕೆ ಬಿಡಿಸಿ ಹೇಳಲು ಅದು ಪಾಠವಲ್ಲ. ಹಾಡಿನ ನಡುವೆ ನಿಂತರೆ ಮುಂದಿನ ಸಾಲು ಸುಬ್ಬಿಗೆ ಸಿಗುವುದಿಲ್ಲ, ತಿರುಗಿ ಮೊದಲಿನಿಂದಲೇ ಎತ್ತಬೇಕು. ಅವತ್ತು ಮಾಲಿನಿ ನಿಲ್ಲಿಸಿದಳು. ಸುಬ್ಬಿ ಮೊದಲಿನಿಂದ ಎತ್ತಿದಳು. ಮತ್ತೆ ನಿಲ್ಲಿಸಿದಳು, ಮತ್ತೆ ಮೊದಲಿನಿಂದ. ಕೊನೆಗೆ ಸುಬ್ಬಿ ಸೆರಗು ಕೊಡವಿ ಎದ್ದಳು.

"ನಿನ್ ಕೈ ಸಮ ಆದ್ಮೇಲೆ ಹೇಳಿ ಕಳ್ಸು, ಬತ್ತೆ. ಈಗ ಆಗೂದಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದು. ಅದಕ್ಕೇ ಮಾಲಿನಿಗೆ ಚುಚ್ಚಿತು. ಧಾರೇಶ್ವರದ ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೈ ಸಮ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಂಗಡಿ ಮುಚ್ಚುವ ಮಾತನ್ನು ಗಂಡ ದಿನಕರನ ಹತ್ತಿರ ಎತ್ತಿದ್ದೂ ಅಂದೇ. ಅವನು ಮೀನಿನ ಟೆಂಪೋ ಓಡಿಸುವವನು, ಹೆಚ್ಚು ಮಾತಿಲ್ಲ. ಮುಚ್ಚುವುದಾದರೆ ಶಟರಿಗೆ ಎಣ್ಣೆ ಹಾಕಿ ಮುಚ್ಚು ಎಂದನಂತೆ.

ಇಷ್ಟರ ಮೇಲೆ ಕಂಪ್ಯೂಟರೂ ಮುನಿಸಿಕೊಂಡಿತು. ತೆರೆದಾಗಲೆಲ್ಲ ನಿಮ್ಮ ವಿಂಡೋಸಿನ ಕಾಲ ಮುಗಿಯಿತು, ಹೊಸದಕ್ಕೆ ಹೋಗಿ ಎನ್ನುವ ಸೂಚನೆ. ಹೋಗೋಣವೆಂದರೆ ನಿಮ್ಮ ಯಂತ್ರ ಅದಕ್ಕೆ ತಕ್ಕದ್ದಲ್ಲ ಎನ್ನುವ ಇನ್ನೊಂದು ಸೂಚನೆ. ಮಾಲಿನಿ ಇದನ್ನು ಗೆಳತಿ ಜಯಶ್ರೀಗೆ ಫೋನಿನಲ್ಲಿ ಬೈದುಕೊಂಡು ಹೇಳಿದಳು. ಹೊನ್ನಾವರದಲ್ಲಿ ಒಂದೇ ಬೆಂಚಿನಲ್ಲಿ ಟೈಪಿಂಗ್ ಕಲಿತವರು ಅವರಿಬ್ಬರು. ಜಯಶ್ರೀ ಈಗ ಮುಟ್ಟಳ್ಳಿಯಲ್ಲಿದ್ದು, ಭಟ್ಕಳದ ಶಾಲೆಯೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾಳೆ. ಭಾನುವಾರ ಬತ್ತೆ, ಬಂಗಡೆ ತಂದಿಡು ಎಂದಳು. ಬರುವಾಗ ತಂದದ್ದು ಒಂದು ಪೆನ್‌ಡ್ರೈವ್.

ಅದನ್ನು ಸಿಕ್ಕಿಸಿ ಶುರು ಮಾಡಿದ್ದೇ ತಡ, ಮಾಲಿನಿಯ ಹಳೆ ಪೆಟ್ಟಿಗೆಯೊಳಗಿಂದ ಬೇರೆಯೇ ಒಂದು ಕಂಪ್ಯೂಟರ್ ಎದ್ದು ಬಂತು. ಬಣ್ಣ ಬೇರೆ, ಗುರುತುಗಳು ಬೇರೆ, ಬಾಗಿಲುಗಳೆಲ್ಲ ಬೇರೆ ಕಡೆ. ಇದು ಲಿನಕ್ಸ್, ವಿಂಡೋಸಿನ ಜಾಗದಲ್ಲಿ ಹಾಕುವಂಥದು, ಇನ್ನೂ ಒಳಗೆ ಹಾಕಿಲ್ಲ, ಸೇರದಿದ್ದರೆ ಪೆನ್‌ಡ್ರೈವ್ ತೆಗೆದರೆ ಆಯಿತು, ಹಳೆಯದು ಹಾಗೇ ಇರುತ್ತದೆ ಎಂದಳು ಜಯಶ್ರೀ. ದುಡ್ಡೆಷ್ಟು ಎಂದು ಕೇಳಿದರೆ ಪುಕ್ಕಟೆ ಅಂದಳು. ಪುಕ್ಕಟೆ ಸಿಗುವುದರ ಮೇಲೆ ಮಾಲಿನಿಗೆ ಮೊದಲಿನಿಂದಲೂ ಗುಮಾನಿ. ಆದರೂ ಅವಳ ಹಳೆಯ ವಿಂಡೋಸ್ ಯಾರೋ ಹುಡುಗ ಯಾವುದೋ ಸಿಡಿಯಿಂದ ಹಾಕಿಕೊಟ್ಟದ್ದು, ದುಡ್ಡು ಕೊಟ್ಟು ತಂದದ್ದಲ್ಲ. ಆ ಲೆಕ್ಕದಲ್ಲಿ ಇದೇ ಮರ್ಯಾದಸ್ಥ ಪುಕ್ಕಟೆ ಅನ್ನಿಸಿತು. ಹಳೆಯ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಎತ್ತಿಟ್ಟುಕೊಂಡು, ಕಂಪ್ಯೂಟರಿಗೆ ಒಂದು ಕುಂಕುಮದ ಬೊಟ್ಟಿಟ್ಟು, ಹಾಕು ಎಂದಳು.

ಆಮೇಲಿನ ದಿನಗಳನ್ನು ಮಾಲಿನಿ ಈಗಲೂ ನಗುತ್ತ ಹೇಳುತ್ತಾಳೆ. ಏನೂ ಕೆಲಸವಿಲ್ಲದಾಗ ಬಲಗಡೆ ಕ್ಲಿಕ್ ಮಾಡಿ ರಿಫ್ರೆಶ್ ಒತ್ತುವುದು ಅವಳಿಗೆ ವರ್ಷಗಳ ಚಟ. ಒತ್ತಿದರೆ ಕಂಪ್ಯೂಟರಿಗೂ ಉಸಿರಾಡಲು ಆಗುತ್ತದೆ ಎಂದೇ ನಂಬಿದ್ದಳು. ಇಲ್ಲಿ ಬಲಗಡೆ ಕ್ಲಿಕ್ ಮಾಡಿದರೆ ಏನೇನೋ ಇದೆ, ರಿಫ್ರೆಶ್ ಇಲ್ಲ. ಭಟ್ಕಳಕ್ಕೆ ಫೋನು ಹೋಯಿತು. ಅದರಿಂದ ಅಲ್ಲೂ ಏನೂ ಆಗುತ್ತಿರಲಿಲ್ಲ ಎಂದಳು ಜಯಶ್ರೀ. ಮಾಲಿನಿ ಒಂದು ಗಳಿಗೆ ನಂಬಲಿಲ್ಲ. ಸಿ ಡ್ರೈವ್ ಎಲ್ಲಿ ಎಂದು ಹುಡುಕಿದಳು, ಸಿಗಲಿಲ್ಲ. ಹಳೆಯ ಮದುವೆ ಕರೆಯೋಲೆ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಚುಕ್ಕಿ, ಗೆರೆ, ಡಾಲರ್ ಗುರುತು. ಹಳೆಯ ಅಕ್ಷರಗಳನ್ನು ಹೊಸ ಅಕ್ಷರಕ್ಕೆ ತಿರುಗಿಸುವ ಒಂದು ಸಣ್ಣ ಪ್ರೋಗ್ರಾಮ್ ಇದೆ ಎಂದು ಗೊತ್ತಾದಾಗ, ಹೆಸರುಗಳು ಒಂದೊಂದಾಗಿ ಮತ್ತೆ ಮನುಷ್ಯರಾಗುವುದನ್ನು ಅವಳು ಬಾಯಿ ತೆರೆದು ನೋಡಿದಳು. ಪ್ರತಿ ದಿನ ಒಂದು ಹೊಸ ಬಾಗಿಲು. ಬೆಳಿಗ್ಗೆ ಅಂಗಡಿಗೆ ಬರುವ ಬಸ್ಸು ತಡವಾದರೆ ಅವಳಿಗೆ ಈಗ ಚಡಪಡಿಕೆ.

ಬೆರಳು ಮಾತ್ರ ಇದ್ದ ಹಾಗೇ ಇತ್ತು. ಕಂಪ್ಯೂಟರ್ ಹೊಸದಾದರೂ ಒತ್ತಿನ ಕೀಲಿ ಹಳೆಯ ಜಾಗದಲ್ಲೇ. ಒಂದು ಮಧ್ಯಾಹ್ನ, ಕೇಳಬೇಕೆಂದು ಕೇಳಿದ್ದೂ ಅಲ್ಲ, ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರಬೇಕೆಂದು ಇದಕ್ಕೆ ಹೇಳಿಕೊಡುವವರು ಯಾರು ಎಂದು ಫೋನಿನಲ್ಲಿ ಕೇಳಿದಳು. ಅದೆಲ್ಲ ಒಂದು ಫೈಲಿನಲ್ಲಿ ಸಾಲಾಗಿ ಬರೆದಿಟ್ಟಿರುತ್ತದೆ, ಬೇಕಾದರೆ ತೆರೆದು ಓದು ಎಂದಳು ಜಯಶ್ರೀ.

"ತಿದ್ಲಿಕ್ಕೆ ಆಗ್ತದಾ?"

"ಆಗ್ದೇ ಎಂತ? ನಿನ್ ಕಂಪ್ಯೂಟರು. ಯಾರನ್ನೂ ಕೇಳೂದು ಬ್ಯಾಡ."

ಮಾಲಿನಿ ಫೋನು ಕೆಳಗಿಟ್ಟು ಆ ಫೈಲು ಹುಡುಕಿ ತೆರೆದು, ಅದರದೊಂದು ಪ್ರತಿ ತೆಗೆದಿಟ್ಟಳು. ಹಳೆಯದರಲ್ಲೂ ಇಂಥದೊಂದು ದಾರಿ ಇತ್ತೋ ಏನೋ, ಅವಳಿಗೆ ಯಾರೂ ಹೇಳಿರಲಿಲ್ಲ, ಕೇಳುವ ಧೈರ್ಯ ಅವಳೂ ಮಾಡಿರಲಿಲ್ಲ. ಟೈಪ್‌ರೈಟರ್ ಬಂದಾಗ ಬೆರಳು ಬದಲಾಗಬೇಕು, ಕಂಪ್ಯೂಟರ್ ಬಂದಾಗಲೂ ಬೆರಳೇ ಬದಲಾಗಬೇಕು, ಯಂತ್ರ ಇದ್ದಲ್ಲೇ ಇರುತ್ತದೆ ಎಂದೇ ಅವಳು ಇಷ್ಟು ಕಾಲ ಬದುಕಿದ್ದು.

ಫೈಲ್ ಉಳಿಸಲು ಪಾಸ್‌ವರ್ಡ್ ಕೇಳಿತು. ಹೊಡೆದರೆ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡೇ ಸತ್ತಿತೆಂದು ವೈರು ಕಿತ್ತು ಮತ್ತೆ ಸಿಕ್ಕಿಸಿದಳು, ಪಕ್ಕದ ಅಂಗಡಿಯ ವಿನುತಾಳ ಕೀಬೋರ್ಡ್ ಕೇಳಿ ತಂದಳು. ಮೂಡದಿದ್ದರೂ ಅದಕ್ಕೆ ತಿಳಿಯುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು. ಮೊದಲ ಸಲ ತಿದ್ದಿದಾಗ ಎಲ್ಲೋ ಒಂದು ಆವರಣ ಚಿಹ್ನೆ ಅಳಿಸಿ, ಕನ್ನಡವೇ ಬರದಂತಾಯಿತು. ತೆಗೆದಿಟ್ಟ ಪ್ರತಿಯನ್ನು ವಾಪಸ್ ಹಾಕಿ ಮತ್ತೆ ಕೂತಳು. ಅಪರೂಪಕ್ಕೆ ಬರುವ ಒಂದು ಅಕ್ಷರವನ್ನು ತೋರುಬೆರಳಿನ ಕೆಳಗಿನಿಂದ ಎತ್ತಿ ಆಚೆ ಹಾಕಿದಳು, ಅಲ್ಲಿಗೆ ದೀರ್ಘ ಬಂತು. ಒತ್ತಿಗೆ ಜಾಗ? ಸ್ಪೇಸ್ ಒತ್ತಲು ಅವಳು ಯಾವಾಗಲೂ ಬಲ ಹೆಬ್ಬೆರಳನ್ನೇ ಬಳಸಿದವಳು. ಹೊನ್ನಾವರದ ಕ್ಲಾಸಿನಿಂದ ಇಂದಿನವರೆಗೆ ಎಡ ಹೆಬ್ಬೆರಳು ಒಂದು ಅಕ್ಷರವನ್ನೂ ಒತ್ತದೆ, ಮದುವೆ ಮನೆಗೆ ಬಂದ ದೂರದ ನೆಂಟನ ಹಾಗೆ ಸುಮ್ಮನೆ ಕೂತಿತ್ತು. ಅದರ ಕೆಳಗೆ, ಸ್ಪೇಸಿನ ಪಕ್ಕದಲ್ಲಿದ್ದ ಆಲ್ಟ್ ಕೀಲಿಗೆ ಒತ್ತನ್ನು ಕೊಟ್ಟಳು.

ಕಂಪ್ಯೂಟರ್ ನಿಲ್ಲಿಸಿ ಮತ್ತೆ ಶುರು ಮಾಡಿ, ಪರದೆಯನ್ನಷ್ಟೇ ನೋಡುತ್ತ ಹೊಡೆದಳು. ಕತ್ತೆ. ಸರಿಯಾಗಿ ಬಂತು. ಕತ್ತೆ ಕತ್ತೆ ಕತ್ತೆ ಎಂದು ಪುಟ ತುಂಬ ಹೊಡೆದಳು. ಕೀಬೋರ್ಡ್ ವಾಪಸ್ ಒಯ್ಯಲು ಬಂದ ವಿನುತಾ ಅದನ್ನು ಓದಿ, ಯಾರಿಗೆ ಬರೆಯುತ್ತಿದ್ದೀಯ ಎಂದು ಕೇಳಿದಳು. ಮಾಲಿನಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು.

ಇನ್ನು ಹೆಬ್ಬೆರಳಿಗೆ ಪಾಠ. ಬಸ್ಸಿನಲ್ಲಿ ಚೀಲದ ಮೇಲೆ, ಮನೆಯಲ್ಲಿ ಊಟದ ತಟ್ಟೆಯ ಅಂಚಿನ ಮೇಲೆ, ಮಲಗಿದಾಗ ಹಾಸಿಗೆಯ ಮೇಲೆ ಅದು ಬಡಿಯುತ್ತಲೇ ಇತ್ತು. ಬಾಯಲ್ಲಿ ಬಂದ ಮಾತಿನ ಒತ್ತುಗಳನ್ನೆಲ್ಲ ಬೆರಳು ಹಿಂಬಾಲಿಸುತ್ತಿತ್ತು. ದಿನಕರನಿಗೆ ಬೈಯುವಾಗಲೂ ಹೆಬ್ಬೆರಳು ಬಡಿಯಿತೆಂದು ಅವನು ಟೆಂಪೋ ಸ್ಟ್ಯಾಂಡಿನಲ್ಲಿ ಹೇಳಿಕೊಂಡು ನಕ್ಕನಂತೆ. ಒಮ್ಮೆ ಮಾಲಿನಿ ಊಟಕ್ಕೆ ಹೋದಾಗ ವಿನುತಾ ಅರ್ಜಿಯೊಂದನ್ನು ಹೊಡೆಯಲು ಕೂತಳು, ಹೊಡೆದದ್ದೊಂದು, ಬಂದದ್ದೊಂದು. ಆ ಕಂಪ್ಯೂಟರ್ ಈಗ ಮಾಲಿನಿ ಒಬ್ಬಳ ಮಾತು ಮಾತ್ರ ಕೇಳುತ್ತಿತ್ತು. ಇದನ್ನು ವಿನುತಾ ದೂರಿನಂತೆ ಹೇಳಿದಳು, ಮಾಲಿನಿ ಹೊಗಳಿಕೆಯೆಂದೇ ತೆಗೆದುಕೊಂಡಳು. ಸಂಜೆ ಬಸಳೆ ಕೊಳ್ಳುವಾಗ, ಅಜ್ಜಿಯನ್ನು ಕರೆದುಕೊಂಡು ಬಾ ಎಂದು ಗಂಗಿಗೆ ಹೇಳಿದಳು.

ಸುಬ್ಬಿ ಬಂದಳು. ಮಾಲಿನಿಯ ಎಡಗೈ ಹಿಡಿದು ನೋಡಿದಳು, ನಡುಬೆರಳು ಮೊದಲಿನಂತೆಯೇ ಸೆಟೆದು ನಿಂತಿತ್ತು. ಸಮ ಆಗಲಿಲ್ಲವಲ್ಲ ಎಂಬಂತೆ ಮುಖ ನೋಡಿದಳು. ಬೆರಳು ಸಮ ಆಗಲಿಲ್ಲ ಅಜ್ಜಿ, ಇದು ಸಮ ಆಗಿದೆ ಎಂದು ಮಾಲಿನಿ ಕೀಬೋರ್ಡ್ ತೋರಿಸಿದಳು. ಸುಬ್ಬಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಒಂದೇ ಹಾಡು ಹೇಳುವುದು, ನಿಂತರೆ ಎದ್ದು ಹೋಗುವುದು ಎಂದು ಮೊದಲೇ ಹೇಳಿ ಕೂತಳು.

ಭತ್ತದ ಗದ್ದೆಗೆ ಮೊದಲ ನೀರು ಬಿಡುವ ಹಾಡು. ಸುಬ್ಬಿ ಒಂದು ಸಾಲು ಎತ್ತಿದಳು, ಗಂಗಿ ಸೊಲ್ಲು ಹಿಡಿದಳು, ಮಾಲಿನಿ ಇಬ್ಬರ ಮುಖವನ್ನೂ ನೋಡುತ್ತ ಬಡಿದಳು. ಮೊದಮೊದಲು ಪ್ರತಿ ಒತ್ತಿಗೂ ಹೆಬ್ಬೆರಳನ್ನು ನೆನೆದುಕೊಳ್ಳಬೇಕಾಗುತ್ತಿತ್ತು. ಹತ್ತಾರು ಸಾಲು ಹೋದ ಮೇಲೆ ಬೆರಳುಗಳನ್ನು ಮರೆತಳು. ಹಾಡಿನಲ್ಲಿ ನೀರು ಅಂಚು ದಾಟಿತು, ಗಂಡ ಹೆಂಡತಿ ಜಗಳವಾಡಿದರು, ಹೆಂಡತಿ ತವರಿಗೆ ಹೊರಟಳು. ದಾರಿಯಲ್ಲಿ ಹೋಗುವ ಇಬ್ಬರು ಶಟರಿನ ಹತ್ತಿರ ನಿಂತು ಕೇಳತೊಡಗಿದರು. ಅಷ್ಟರಲ್ಲಿ ಗಂಗಿ ತಪ್ಪಿದಳು. ಉಗುಳು ಸಿಕ್ಕಿ ಕೆಮ್ಮು ಬಂತು, ಸೊಲ್ಲು ಬರಲಿಲ್ಲ.

ಸೊಲ್ಲಿಲ್ಲದೆ ಹಾಡು ಮುಂದೆ ಹೋಗದು. ಗಂಗಿ ಬಾಯಿಗೆ ಸೆರಗು ಒತ್ತಿ ಅಜ್ಜಿಯನ್ನು ನೋಡಿದಳು. ಅಂಗಡಿಯಲ್ಲಿ ಕೀಲಿಗಳ ಸದ್ದೊಂದೇ ಇತ್ತು, ಮಾಲಿನಿ ಆ ಸಾಲನ್ನು ಬರೆಯುತ್ತಿದ್ದಳು. ಸುಬ್ಬಿ ತಲೆ ಓರೆ ಮಾಡಿ ಆ ಸದ್ದು ಕೇಳಿದಳು. ಸಾಲು ಮುಗಿದು ಸದ್ದು ನಿಂತಿತು. ಸುಬ್ಬಿ ಮುಂದಿನ ಸಾಲು ಎತ್ತಿದಳು. ಮತ್ತೆ ಸದ್ದು, ಅದು ಮುಗಿಯುವವರೆಗೆ ಕಾದು ಮತ್ತೊಂದು ಸಾಲು. ಗಂಗಿ ಸುಧಾರಿಸಿಕೊಂಡು ಮತ್ತೆ ಸೇರುವವರೆಗೆ ಹಾಡು ಹಾಗೇ ನಡೆಯಿತು, ಎಲ್ಲೂ ತುಂಡಾಗಲಿಲ್ಲ.

ಹಾಡು ಮುಗಿದಾಗ ಮಾಲಿನಿಯ ರವಿಕೆ ಬೆವರಿಗೆ ಅಂಟಿತ್ತು. ಪ್ರಿಂಟರ್ ಕಾಗದ ಹೊರಹಾಕಿತು. ಸುಬ್ಬಿ ಬಿಸಿ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಗಂಗಿಗೆ ಕೊಟ್ಟಳು. ಗಂಗಿ ಓದಿದಳು. ಒಂದು ಮಾತೂ ಬಿಟ್ಟಿರಲಿಲ್ಲ. ಗಂಗಿ ಕೆಮ್ಮಿದ ಜಾಗದ ಸಾಲುಗಳು ಬಂದಾಗ ಸುಬ್ಬಿ ಕೈ ಎತ್ತಿ ಮೊಮ್ಮಗಳನ್ನು ನಿಲ್ಲಿಸಿದಳು.

"ಇಲ್ಲಿ ನೀ ಬಿಟ್ಟಿದ್ದೆ. ಸೊಲ್ಲು ಹಿಡ್ದದ್ದು ಇವಳ ಕೈ."

ಮಾಲಿನಿ ಕೀಬೋರ್ಡಿನ ಕಡೆ ತಲೆ ಬಗ್ಗಿಸಿದಳು, ಈ ಸಲ ಕೀಲಿ ಹುಡುಕುವುದಕ್ಕಲ್ಲ. ಸುಬ್ಬಿ ಎದ್ದು ನಿಂತಿದ್ದವಳು ಬಾಗಿಲ ಹೊರಗೆ ಬಿಸಿಲು ನೋಡಿದಳು, ಮನೆಗೆ ಹೋಗಲು ಇನ್ನೂ ಹೊತ್ತಿತ್ತು. ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತಳು.

"ಇನ್ನೊಂದು ಹೇಳ್ತೆ, ಬರಿ."

ಮಾಲಿನಿಯ ಎಡ ಹೆಬ್ಬೆರಳು ಆಗಲೇ ಕೀಲಿಯ ಮೇಲಿತ್ತು.