ಬಸ್ಸಿಗೆಲ್ಲ ಗೊತ್ತಾದ ಪಾಸ್‌ವರ್ಡ್

ಕುಷ್ಟಗಿಯ ಕಾಲೇಜಿನಲ್ಲಿ ಆನ್‌ಲೈನ್ ಮೋಸದ ಬಗ್ಗೆ ಮಾತಾಡಲು ಬಸ್ಸಿನಲ್ಲಿ ಹೊರಟಿದ್ದೆ. ಆಫೀಸಿನಿಂದ ಸಹೋದ್ಯೋಗಿ ಫೋನ್ ಮಾಡಿ, "ಸರ್, ನಿಮ್ಮ ಕಂಪ್ಯೂಟರ್ ಪಾಸ್‌ವರ್ಡ್ ಏನ್ರಿ?" ಎಂದ. ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲವೆಂದು, "ಸರೋಜಾ, ಒಂದು ಎರಡು ಮೂರು" ಅಂತ ಮೂರು ಸಲ ಕೂಗಿದೆ.

ಫೋನ್ ಇಟ್ಟೊಡನೆ ಪಕ್ಕದಲ್ಲಿದ್ದ ಭಾಗ್ಯನಗರದ ಅಜ್ಜಿ ಕೇಳಿದರು, "ಸರೋಜಾ ಅಂದ್ರ ನಿನ್ನ ಹೆಂಡ್ತಿ ಏನಪಾ?"

"ಹೌದ್ರಿ ಅಮ್ಮಾ."

"ಹೆಸರು ಛಲೋ ಐತಿ. ಆದ್ರ ಇಷ್ಟು ಮಂದಿ ಮುಂದ ಒದರಬಾರದಿತ್ತು."

ಹಿಂದಿನಿಂದ ಕಂಡಕ್ಟರ್, "ಲಗೂನ ಬದಲಿ ಮಾಡ್ರಿ ಸರ್, ನನಗ ಬಾಯಿಪಾಠ ಆಗೇತಿ" ಎಂದ.

ನಾಚಿಕೆಯಾಗಿ ಕೂಡಲೇ ಸಹೋದ್ಯೋಗಿಗೆ ಫೋನ್ ಮಾಡಿ, ಪಾಸ್‌ವರ್ಡ್ ಬದಲಿಸು ಎಂದೆ. "ಹೊಸಾದು ಏನಂತ ಇಡೋಣ್ರಿ?" ಎಂದ. ಅಷ್ಟರಲ್ಲಿ ಇಡೀ ಬಸ್ಸು ಗಪ್ಪಾಗಿ ಕಿವಿಗೊಟ್ಟಿತ್ತು. "ಮೆಸೇಜ್ ಮಾಡ್ತೀನಿ" ಎಂದೆ.

ಕಾಲೇಜಿನಲ್ಲಿ ಈ ಘಟನೆಯನ್ನೇ ಹೇಳಿದೆ, ಗೆಳೆಯನೊಬ್ಬನಿಗೆ ಆದದ್ದೆಂದು.