ಅತ್ತೆಯ ಅಪೀಲಿಗೆ ಅವ್ವನ ಜಾಮೀನು

ನಾಲತವಾಡದ ನಮ್ಮ ಮನೆಯಲ್ಲಿ ಅಪ್ಪನ ಮುಂದೆ ಯಾರೂ ಸೋದರತ್ತೆಯ ಮಾತು ಎತ್ತುತ್ತಿರಲಿಲ್ಲ. ಅಜ್ಜನ ಹೊಲದಲ್ಲಿ ತನಗೂ ಪಾಲು ಬೇಕೆಂದು ಆಕೆ ಅಣ್ಣನ ಮೇಲೆ, ಅಂದರೆ ನಮ್ಮ ಅಪ್ಪನ ಮೇಲೆ, ದಾವೆ ಹಾಕಿದ್ದಳು. ಗಂಡ ತೀರಿಕೊಂಡ ಮೇಲೆ ಬಜಾರದ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿದು ಬದುಕುತ್ತಿದ್ದವಳು. ಪಾಲನ್ನು ಹಿಂದೆಯೇ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದಾಳೆ ಎಂಬ ಅಪ್ಪನ ವಾದ ಕೆಳಗಿನ ಕೋರ್ಟಿನಲ್ಲಿ ನಿಂತಿತು. ಅತ್ತೆ ಸೋತಳು. ಆದರೂ ಮುದ್ದೇಬಿಹಾಳದಲ್ಲಿ ಅಪೀಲು ಹಾಕಿದಳು.

ಆಗ ಅಪ್ಪನ ವಕೀಲರು ಒಂದು ಅರ್ಜಿ ಕೊಟ್ಟರು. ಮೊದಲ ದಾವೆಯ ಖರ್ಚನ್ನೇ ಈಕೆ ಕೊಟ್ಟಿಲ್ಲ, ಅಪೀಲಿನಲ್ಲೂ ಸೋತರೆ ನಮ್ಮ ಖರ್ಚನ್ನು ಯಾರಿಂದ ವಸೂಲು ಮಾಡಬೇಕು, ಮೊದಲೇ ಭದ್ರತೆ ಕೊಡಿಸಿ ಎಂದು. ಕೋರ್ಟು ಒಪ್ಪಿತು. ಹಣ ಕಟ್ಟಬೇಕು, ಇಲ್ಲವೇ ಆಸ್ತಿ ಇದ್ದವರೊಬ್ಬರು ಜಾಮೀನು ನಿಲ್ಲಬೇಕು. ಎರಡೂ ಆಗದಿದ್ದರೆ ಅಪೀಲು ವಜಾ. ಅತ್ತೆಯ ಬಳಿ ಹೊಲಿಗೆ ಯಂತ್ರ ಬಿಟ್ಟರೆ ಏನೂ ಇರಲಿಲ್ಲ. ಊರಲ್ಲಿ ಕಂಡವರನ್ನೆಲ್ಲ ಕೇಳಿದಳಂತೆ. ಅಪ್ಪನನ್ನು ಎದುರು ಹಾಕಿಕೊಳ್ಳಲು ಯಾರೂ ತಯಾರಿರಲಿಲ್ಲ.

ಗಡುವಿನ ದಿನ ಅಪ್ಪ ಮುಂಚೆಯೇ ಕೋರ್ಟಿಗೆ ಹೊರಟುಹೋದರು. ಆಮೇಲೆ ಅವ್ವ ನನ್ನನ್ನು ಕರೆದುಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದಳು. ಕೈಚೀಲದಲ್ಲಿ ಮುಳವಾಡದ ಹೊಲದ ಉತಾರ, ಅಂದರೆ ಪಹಣಿ ಪತ್ರ, ಇತ್ತು. ಅದು ಅವಳ ತವರಿನ ಹೊಲ. ಅವಳು ಕೇಳುವ ಮೊದಲೇ ಅಣ್ಣಂದಿರು ಅವಳ ಹೆಸರಿಗೆ ಮಾಡಿಸಿಕೊಟ್ಟಿದ್ದರು.

ನಮ್ಮನ್ನು ಕಂಡು ಅಪ್ಪ, ತನ್ನ ಜೊತೆಗಿರಲು ಬಂದರೆಂದುಕೊಂಡು, ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. ಅವ್ವ ಹೋಗಿ ಅತ್ತೆಯ ಪಕ್ಕ ನಿಂತಳು.

ನ್ಯಾಯಾಧೀಶರು ಕಾಗದ ನೋಡಿದರು. ಈಕೆ ಸೋತರೆ ಖರ್ಚು ನಿಮ್ಮ ಹೊಲದ ಮೇಲೆ ಬರುತ್ತದೆ ಎಂದು ಎಚ್ಚರಿಸಿದರು. ಗೊತ್ತಿದೆ ಎಂದಳು. ಎದುರು ಪಕ್ಷದವರು ನಿಮ್ಮ ಗಂಡನಲ್ಲವೇ, ಈಕೆ ಗೆಲ್ಲಲಿ ಎಂದು ಬಂದಿದ್ದೀರಾ ಎಂದು ಕೇಳಿದರು. ಅವ್ವ ಸೆರಗು ಸರಿಮಾಡಿಕೊಂಡಳು.

“ಯಾರು ಗೆಲ್ತಾರ ಅನ್ನೂದು ನೀವು ಹೇಳೂದ್ರಿ. ರೊಕ್ಕ ಇಲ್ಲಂತ ಆಕಿ ಮಾತು ಕೇಳದನ ಕಳಸಬಾರದು. ಅದಕ್ಕ ಬಂದೇನ್ರಿ.”

ಜಾಮೀನು ಮಂಜೂರಾಯಿತು. ಅತ್ತೆ ಅವ್ವನ ಕೈ ಹಿಡಿದುಕೊಂಡವಳು ಹೊರಗೆ ಬಂದರೂ ಬಿಡಲಿಲ್ಲ. ಅಪ್ಪ ಬೇರೆ ಬಸ್ಸಿಗೆ ಬಂದರು. ಮನೆಯಲ್ಲಿ ಅವ್ವ ಎಂದಿನಂತೆ ರೊಟ್ಟಿ ಬಡಿಸಿದಳು. ತನಗೊಂದು ಮಾತು ಹೇಳಬೇಕಿತ್ತು ಎಂದು ಅಪ್ಪ ಅಂದರು.

“ಹೇಳಿದ್ರ ಬ್ಯಾಡ ಅಂತಿದ್ರಿ. ಬ್ಯಾಡ ಅಂದಮ್ಯಾಲೆ ಹೋಗಿದ್ರ ನಿಮ್ಮ ಮಾತು ಮೀರಿದಂಗ ಆಗ್ತಿತ್ತು,” ಎಂದಳು ಅವ್ವ. ನನಗೆ ನಗು ತಡೆಯುವುದೇ ಕಷ್ಟವಾಯಿತು. ಆದರೆ ಅವಳು ಅಪ್ಪನ ಮುಖ ನೋಡದೆ, ತಟ್ಟೆಯಲ್ಲಿ ರೊಟ್ಟಿ ಇದ್ದರೂ ಮತ್ತೊಂದು ಹಾಕಿದ್ದನ್ನೂ ನಾನು ನೋಡಿದೆ. ಅಷ್ಟು ಹೆದರಿಕೆ ಇಟ್ಟುಕೊಂಡೇ ಅವಳು ಆ ಕೋರ್ಟಿನಲ್ಲಿ ನಿಂತಿದ್ದಳು.

ಅಪೀಲು ನಡೆಯಿತು. ಬಾಯಿಮಾತಿನಿಂದ ಹೆಣ್ಣುಮಗಳ ಪಾಲು ಹೋಗುವುದಿಲ್ಲ ಎಂದು ತೀರ್ಪಾಯಿತು. ಮೇಲಿನ ಕೋರ್ಟಿಗೆ ಹೋಗೋಣವೇ ಎಂದು ವಕೀಲರು ಕೇಳಿದಾಗ ಅಪ್ಪ ಬೇಡವೆಂದರು. ಹೊಲ ಅಳೆಯುವ ದಿನ ಸರ್ವೆಯವರಿಗೆ ಬದುವಿನ ಕಲ್ಲುಗಳನ್ನು ಅವರೇ ನಡೆದು ತೋರಿಸಿದರು. ಅತ್ತೆ ಹಿಂದೆ ಹಿಂದೆ ಹೋದಳು. ಅವ್ವ ಇಬ್ಬರಿಗೂ ಬುತ್ತಿ ಕಟ್ಟಿ ಕಳಿಸಿದ್ದಳು.